ಮಾಸ್ತರ್‌ಗೆ ಕೇಳ್ರಿ: ರೈವಲ್ ಅಂದ್ರ ವೈರಿ ಅಲ್ಲ, ಕಾಲುವಿ ಪಾಲುದಾರ

ಹೋದ ತಿಂಗಳು ಇದ ಪುಟದಾಗ "ಕಾಂಪಿಟಿಟರ್ ಬ್ಯಾರೆ, ಎನಿಮಿ ಬ್ಯಾರೆ" ಅಂತ ಒಂದು ಸಾಲು ಬರದು ಸುಮ್ಕ ಮುಂದ ಹೋಗಿದ್ದೆ, ಅಷ್ಟಕ್ಕ ಇಷ್ಟು ಪತ್ರ ಬರ್ತಾವ ಅಂತ ಅನ್ಕೊಂಡಿರ್ಲಿಲ್ಲ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯವ ಜಾಸ್ತಿ. ಎಲ್ಲಾರೂ ಪೈಪೋಟಿ, ಜಿದ್ದು, ತಂಟೆಗೆ ಇಂಗ್ಲಿಷ್‌ನ್ಯಾಗ ಏನಂತಾರ ಅಂತನ ಕೇಳ್ಯಾರ. ಜಗಳದ ವಿಷಯ ಅಂದ್ರ ನಮ್ಮ ಮಂದಿಗೆ ಎಷ್ಟು ಹುರುಪು ನೋಡ್ರಿ! ಹೆಸರು ಹಾಕಬ್ಯಾಡ್ರಿ ಅಂತ ನಾಕೈದು ಮಂದಿ ಹೇಳ್ಯಾರ, ಹಂಗಾಗಿ ಯಾರದೂ ಹಾಕಿಲ್ಲ, ಊರಷ್ಟ ಹಾಕೇನಿ.

ಪ್ರಶ್ನೆ: ಸರ, ಡಿಕ್ಷನರಿ ತಗದ್ರ ರೈವಲ್, ಕಾಂಪಿಟಿಟರ್, ಒಪೋನೆಂಟ್, ಎನಿಮಿ ನಾಕಕ್ಕೂ ಸುತ್ತಿಬಳಸಿ ಪ್ರತಿಸ್ಪರ್ಧಿ, ಎದುರಾಳಿ, ವೈರಿ ಅಂತನ ಬರದಿರ್ತಾರ. ಯಾವುದು ಎಲ್ಲೆ ಹಾಕಬೇಕು? ನಮ್ಮ ಬಾಜೂಕಿನ ಅಂಗಡಿಯವರನ್ನ ನಾ ರೈವಲ್ ಅಂದೆ, ನಮ್ಮಣ್ಣನ ಮಗಳು "ಕಾಕಾ, ಹಂಗ ಅನಬ್ಯಾಡ, ಅವರೇನು ನಮ್ಮ ವೈರಿಗಳಾ?" ಅಂದ್ಲು. (ನವಲಗುಂದ)

ನಿಮ್ಮಣ್ಣನ ಮಗಳು ಶಾಣ್ಯಾಕಿ, ಮನಸೂ ಛಲೋ ಐತಿ ಆಕಿದು, ಆದ್ರ ಈ ಸಲ ನೀವು ಹೇಳಿದ್ದ ಬರೋಬ್ಬರಿ. ಮತ್ತ ನವಲಗುಂದದವರಿಗೆ ರೈವಲ್ ಅಂದ್ರೇನು ಅಂತ ನಾ ಧಾರವಾಡದಾಗ ಕುಂತು ಹೇಳೋದು ಅಂದ್ರ ನಗಿ ಬರ್ತೈತಿ, ಯಾಕಂದ್ರ ಆ ಶಬ್ದ ಹುಟ್ಟಿದ್ದ ನಿಮ್ಮಂಥಾ ಕಾಲುವಿ ದಂಡಿ ಮ್ಯಾಲೆ. ಲ್ಯಾಟಿನ್‌ನ್ಯಾಗ ರೀವುಸ್ ಅಂದ್ರ ಹಳ್ಳ, ನೀರಿನ ಕಾಲುವಿ. ರೀವಾಲಿಸ್ ಅಂದ್ರ ಆ ಕಾಲುವಿಯವ. ಜಸ್ಟಿನಿಯನ್ ದೊರಿ ಕಾಲಕ್ಕ, ಇಸ್ವಿ 533ರಾಗ, ರೋಮನ್ನರ ಕಾಯ್ದೆ ಎಲ್ಲಾ ಕೂಡಿಸಿ ಒಂದು ದೊಡ್ಡ ಸಂಗ್ರಹ ಮಾಡಿದ್ರು, ಅದ್ರಾಗ ನೀರಿನ ತಂಟೆ ಬಗ್ಗೆ ಹೇಳೋ ಕಡೆ ಈ ಶಬ್ದ ಬರ್ತೈತಿ, ಅರ್ಥನೂ ಅಲ್ಲೇ ಕೊಟ್ಟಾರ: ಒಂದ ಕಾಲುವಿಯಿಂದ ನೀರು ಹಾಯಿಸ್ಕೊಳ್ಳೋವ್ರು. ಅಷ್ಟ. ಅದ್ರಾಗ ಜಗಳ ಇಲ್ಲ, ವೈರ ಇಲ್ಲ, ಪಾಲು ಮಾತ್ರ ಐತಿ. ಆದ್ರ ಪಾಲು ಇದ್ದಲ್ಲೆ ಏನಾಗ್ತೈತಿ ಅಂತ ಮಲಪ್ರಭಾ ಕಾಲುವಿ ನೋಡಿದವರಿಗೆ ಗೊತ್ತ ಐತಿ. ಮ್ಯಾಲಿನ ಹೊಲದವ ರಾತ್ರಿ ಬ್ಯಾಟರಿ ಹಿಡಕೊಂಡು ಹೋಗಿ ತನ್ನ ಕಡೆ ಮಡಿ ತಿರುವಿಕೊಂಡು ಬಂದಿರ್ತಾನ, ಟೇಲ್ ಎಂಡ್‌ನವ ಮುಂಜಾನೆ ಸಲಿಕಿ ಹೆಗಲಿಗೆ ಹಾಕ್ಕೊಂಡು ತನ್ನ ಪಾಳಿ ಅಂತ ಬಂದು ನೋಡಿದ್ರ ಕಾಲುವ್ಯಾಗ ಬರೀ ರಾಡಿ, ಒಂದೆರಡು ಸಣ್ಣ ಮೀನು ವಿಲಿವಿಲಿ ಒದ್ದಾಡ್ತಿರ್ತಾವ. ಆ ಇಬ್ಬರು ರೈವಲ್ಸ್. ಸಂಜಿಕೆ ಅವರ ಇಬ್ಬರೂ ಒಂದ ಕಟ್ಟಿ ಮ್ಯಾಲೆ ಕುಂತು ಎಲಿ ಅಡಕಿ ಹಾಕ್ಕೊಂತಿರ್ತಾರ, ಅದೂ ಖರೇನ.

ನಮ್ಮ ಭಾಷಾದಾಗ ಇದಕ್ಕ ಜೋಡಿ ಹುಡುಕಿದ್ರ ನನಗ ಸಿಗೋದು ಪ್ರತಿಸ್ಪರ್ಧಿ ಅಲ್ಲ, ದಾಯಾದಿ. ದಾಯ ಅಂದ್ರ ಆಸ್ತಿ ಪಾಲು, ಪಾಲಿಗೆ ಹಕ್ಕುದಾರ ಆದವ ದಾಯಾದಿ. ಅಣ್ಣತಮ್ಮಂದಿರ ಮಕ್ಕಳು, ಬ್ಯಾರೆ ಯಾರೂ ಅಲ್ಲ. ಆದ್ರೂ ದಾಯಾದಿ ಅಂದ ಕೂಡ್ಲೆ ಮತ್ಸರ ಅನ್ನೋ ಶಬ್ದ ತಾನ ಹಿಂದ ಬಂದು ನಿಲ್ತೈತಿ. ಭಾರತ-ಪಾಕಿಸ್ತಾನ ಮ್ಯಾಚ್ ಇದ್ರ ನಮ್ಮ ಪೇಪರ್‌ನವರು "ದಾಯಾದಿಗಳ ಕಾದಾಟ" ಅಂತ ಹಾಕ್ತಾರಲ್ಲ, ಅದು ರೈವಲ್ ಅನ್ನೋದಕ್ಕ ನಾ ಕಂಡ ಛಲೋ ಅನುವಾದ, ಹಾಕಿದವರಿಗೆ ಲ್ಯಾಟಿನ್ ಬೇಕಾಗಿರ್ಲಿಲ್ಲ. ಇನ್ನೊಂದು ಮಜಾ: ರೋಮನ್ನರ ನಾಟಕದಾಗ ರೀವಾಲಿಸ್ ಅಂದ್ರ ಒಂದ ಹುಡುಗಿ ಹಿಂದ ಬಿದ್ದ ಇನ್ನೊಬ್ಬ ಗಂಡಸು ಅಂತಾತು. ಸಂಸ್ಕೃತದಾಗ ಇದ ತಿರುವು ಮುರುವು ಆಗೇತಿ, ಸಪತ್ನಿ ಅಂದ್ರ ಸವತಿ, ಆ ಸಪತ್ನಿಯಿಂದ ಸಪತ್ನ ಅಂತ ಗಂಡು ಶಬ್ದ ಮಾಡಿಕೊಂಡು ವೈರಿಗೆ ಹಚ್ಚಿದ್ರು. ಅಲ್ಲೆ ಕಾಲುವಿ ಹೋಗಿ ಪ್ರೀತಿ ಆತು, ಇಲ್ಲೆ ಮನ್ಯಾಗಿನ ಸವತಿ ಹೋಗಿ ರಣರಂಗದ ಶತ್ರು ಆತು.

ಒಂದು ತಪ್ಪು ಒಪ್ಕೋಬೇಕು. ರಿವರ್, ರೈವಲ್ ಎರಡೂ ಒಂದ ಬೇರು ಅಂತ ನಾ ಭಾಳ ವರ್ಷ ಕ್ಲಾಸಿನಾಗ ಎದಿ ತಟ್ಟಿ ಹೇಳೇನಿ. ಅಲ್ಲ. ರಿವರ್ ಬಂದಿದ್ದು ರೀಪಾ ಅಂದ್ರ ದಂಡಿ ಅನ್ನೋ ಶಬ್ದದಿಂದ, ದಂಡಿ ಮುಟ್ಟೋದು ಅಂತ ಅರೈವ್ ಆತು, ದಂಡಿ ಮ್ಯಾಲಿನವರಿಗೆ ರೈಪೇರಿಯನ್ ಆತು. ಮಹದಾಯಿ ಬಗ್ಗೆ ಇಂಗ್ಲಿಷ್ ಪೇಪರ್‌ನ್ಯಾಗ ಕರ್ನಾಟಕ, ಗೋವಾ, ಮಹಾರಾಷ್ಟ್ರಕ್ಕ ರೈಪೇರಿಯನ್ ಸ್ಟೇಟ್ಸ್ ಅಂತ ಬರೀತಾರಲ್ಲ, ಅದು ಕಾಯ್ದೆ ಮಾತು. 2018ರಾಗ ನ್ಯಾಯಮಂಡಳಿ ಕರ್ನಾಟಕಕ್ಕ 13.42 ಟಿಎಂಸಿ ಅಂತ ಹೇಳಿದ ಮ್ಯಾಲೂ ಕಳಸಾ-ಬಂಡೂರಿ ನೀರಿನ ಸಲುವಾಗಿ ಹಗ್ಗಜಗ್ಗಾಟ ನಿಂತಿಲ್ಲ, ಹಂಗಾಗಿ ಅವು ರೈಪೇರಿಯನ್ನೂ ಹೌದು, ಹಳೇ ಅರ್ಥದ ರೈವಲ್ಸೂ ಹೌದು.

ಈಗ ನಿಮ್ಮ ಅಂಗಡಿ. ಒಂದ ಸರ್ಕಲ್‌ನ್ಯಾಗ ಎರಡು ಗಿರ್ಮಿಟ್-ಮಿರ್ಚಿ ಗಾಡಿ ಅದಾವ ಅಂತ ಇಟ್ಕೊಳ್ರಿ. ಬರೋ ಗಿರಾಕಿ ಇಬ್ಬರಿಗೂ ಬೇಕು, ಅಷ್ಟ ಇದ್ರ ಕಾಂಪಿಟಿಟರ್ಸ್. ಹತ್ತು ವರ್ಷ ಆದ್ರೂ ಇಬ್ಬರೂ ಅಲ್ಲೇ ಅದಾರ, ಇವ ಮಿರ್ಚಿ ಸಂಗಟ ಚಟ್ನಿ ಇಟ್ರ ಮರುದಿನ ಅವನೂ ಇಡ್ತಾನ, ಅವ ಎಲ್‌ಇಡಿ ಬೋರ್ಡ್ ಹಾಕಿದ್ರ ಇವ ಅದಕ್ಕಿಂತ ಒಂದು ಗೇಣು ದೊಡ್ಡದು ಹಾಕ್ತಾನ, ಅದು ರೈವಲ್ರಿ. ರೈವಲ್ ಆಗಾಕ ವರ್ಷಗಟ್ಟಲೆ ಸಂಬಂಧ ಬೇಕು. ಇಬ್ಬರೂ ಭಾನುವಾರ ಕೇರಂ ಆಡಾಕ ಕುಂತ್ರ ಆ ಒಂದು ತಾಸು ಒಬ್ಬನಿಗೊಬ್ಬ ಒಪೋನೆಂಟ್, ಆಟ ಮುಗೀತು, ಒಪೋನೆಂಟೂ ಮುಗೀತು. ಎನಿಮಿ ಅಂದ್ರ ಅವನ ಎಣ್ಣಿಗೆ ನೀರು ಹಾಕಿ ಬರೋವ. ಆ ಶಬ್ದನ ಹೇಳ್ತೈತಿ, ಇನ್ ಅಂದ್ರ ಅಲ್ಲ, ಅಮೀಕುಸ್ ಅಂದ್ರ ಗೆಳೆಯ, ನಮ್ಮ ಹಳೇ ಅಮಿತ್ರ ಅನ್ನೋ ಶಬ್ದದ ಅಚ್ಚಿನಾಗ ಹೊಯ್ದಂಗ ಐತಿ. ನಿಮ್ಮ ಬಾಜೂಕಿನವರು ಬರೇ ರೈವಲ್ ಇರ್ಲಿ.

ಬದ್ಧ ಪ್ರತಿಸ್ಪರ್ಧಿ ಅನ್ನೋದಕ್ಕ ಆರ್ಚ್ ರೈವಲ್ ಅಂತಾರ, ಆರ್ಕ್ ಅಲ್ಲ. ಆರ್ಕ್ ಅನ್ನೋದು ಆರ್ಕ್ಏಂಜೆಲ್‌ನ್ಯಾಗ.

ಪ್ರಶ್ನೆ: "ಸನ್ಸ್ ಕಂಟೆಸ್ಟ್ ಫಾದರ್ಸ್ ವಿಲ್" ಅಂತ ಪೇಪರ್‌ನ್ಯಾಗ ಓದಿದೆ. ಮಕ್ಕಳು ಅಪ್ಪನ ಮೃತ್ಯುಪತ್ರದಾಗ ಸ್ಪರ್ಧೆಗೆ ನಿಂತ್ರಾ? ಏನು ಅರ್ಥ ಇದು? (ರಾಣೆಬೆನ್ನೂರು)

ನಿಂತಿಲ್ಲ, ಕೋರ್ಟಿಗೆ ಹೋಗ್ಯಾರ. ವಿಲ್ ಖರೇ ಅಲ್ಲ, ನಮಗ ಒಪ್ಪಿಗಿಲ್ಲ ಅಂತ ತಕರಾರು ತಗದಾರ. ಕಂಟೆಸ್ಟ್ ಅನ್ನೋದು ಕುಸ್ತಿ ಕಣಕ್ಕ ಹೋಗೋಕಿಂತ ಮೊದಲು ಕೋರ್ಟಿನ ಶಬ್ದನ ಇತ್ತು. ಲ್ಯಾಟಿನ್‌ನ್ಯಾಗ ಟೆಸ್ಟಿಸ್ ಅಂದ್ರ ಸಾಕ್ಷಿ, ಇಬ್ಬರೂ ಕೂಡಿ ಸಾಕ್ಷಿದಾರರನ್ನ ಕರದು ವ್ಯಾಜ್ಯ ಶುರು ಮಾಡೋದಕ್ಕ ಕಾಂಟೆಸ್ಟಾರಿ. ಟೆಸ್ಟಿಫೈ ಅದ ಮನಿದು, ವಿಲ್‌ಗೆ ಇನ್ನೊಂದು ಹೆಸರು ಟೆಸ್ಟಮೆಂಟ್ ಐತಲ್ಲ, ಅದೂ. ಹಂಗಾಗಿ ಟೆಸ್ಟಮೆಂಟ್ ಕಂಟೆಸ್ಟ್ ಮಾಡೋದು ಅಂದ್ರ ಮಾತಿನ ಲೆಕ್ಕದಾಗ ಒಂದ ಮನ್ಯಾಗಿನ ಜಗಳ, ಧಾರವಾಡದ ಹೈಕೋರ್ಟ್ ಪೀಠದಾಗ ದಿನಾ ಬೆಳಗಾದ್ರ ಬರೋ ಅಪೀಲುಗಳ ಜಾತಿದು. 2008ರಾಗ ಸಂಚಾರಿ ಪೀಠ ಅಂತ ಶುರು ಆಗಿ 2013ರಾಗ ಅದು ಕಾಯಂ ಆದ ಮ್ಯಾಲೆ ನಮ್ಮ ಮಂದಿ ಬೆಂಗಳೂರು ಬಸ್ ಹತ್ತೋದು ತಪ್ಪೇತಿ, ವಿಲ್ ಕಂಟೆಸ್ಟ್ ಮಾಡೋದೇನು ತಪ್ಪಿಲ್ಲ ಬಿಡ್ರಿ.

ಉಚ್ಚಾರ ಲಕ್ಷ್ಯದಾಗ ಇಡ್ರಿ. ಹೆಸರು ಆದ್ರ ಒತ್ತು ಮುಂದ, ಕಾಂಟೆಸ್ಟ್. ಕ್ರಿಯಾಪದ ಆದ್ರ ಒತ್ತು ಹಿಂದ, ಕಂಟೆಸ್ಟ್. ಇನ್ನ ಎಲೆಕ್ಷನ್ ಬಂದಾಗ "ಹೀ ಈಸ್ ಕಂಟೆಸ್ಟಿಂಗ್ ಫಾರ್ ಎಲೆಕ್ಷನ್" ಅಂತ ಎಲ್ಲಾ ಕಡೆ ಬರೀತಾರ, ಆ ಫಾರ್ ಬ್ಯಾಡ. ಕಂಟೆಸ್ಟಿಂಗ್ ದ ಎಲೆಕ್ಷನ್ ಅನ್ರಿ, ಫಾರ್ ಬೇಕ ಅಂದ್ರ ಸ್ಟ್ಯಾಂಡಿಂಗ್ ಫಾರ್ ಅನ್ರಿ. ಮತ್ತ ಹುಷಾರ್, ಕಂಟೆಸ್ಟೆಡ್ ದ ಎಲೆಕ್ಷನ್ ಅಂದ್ರ ಚುನಾವಣಿಗೆ ನಿಂತ, ಕಂಟೆಸ್ಟೆಡ್ ದ ರಿಸಲ್ಟ್ ಅಂದ್ರ ಸೋತು ತಕರಾರು ತಗದ. ಕೆಲವರು ಎರಡೂ ಮಾಡ್ತಾರ.

ಪ್ರಶ್ನೆ: ಸರ್ರ, ಪಿಎಸ್‌ಐ ಪರೀಕ್ಷೆಗೆ ಓದಾಕತ್ತೇನಿ. ಕಂಪೀಟ್ ವಿತ್, ಕಂಪೀಟ್ ಅಗೇನ್ಸ್ಟ್, ಕಂಪೀಟ್ ಫಾರ್ ಎಲ್ಲಾ ಕಲಸುಮೇಲೋಗರ ಆಗೇತಿ. (ಸಪ್ತಾಪುರ, ಧಾರವಾಡ)

ತಮ್ಮಾ, ಕಲಸಬ್ಯಾಡ. ಮನಷ್ಯಾ ಬಂದ್ರ ವಿತ್ ಅಥವಾ ಅಗೇನ್ಸ್ಟ್, ಎರಡೂ ನಡೀತಾವ, ಅಗೇನ್ಸ್ಟ್ ಅಂದಾಗ ಸ್ವಲ್ಪ ಬಿರುಸು ಅನಸ್ತೈತಿ. ಸಿಗಬೇಕಾದ್ದು ಬಂದ್ರ ಫಾರ್. ಪರೀಕ್ಷೆ, ಆಟ, ಮಾರ್ಕೆಟ್ ಬಂದ್ರ ಇನ್. ಒಂದ ವಾಕ್ಯದಾಗ ಮೂರನ್ನೂ ಹಾಕ್ಕೊಂಡು ಬಾಯಿಪಾಠ ಮಾಡು: ಐ ಆಮ್ ಕಂಪೀಟಿಂಗ್ ವಿತ್ ಥೌಸಂಡ್ಸ್ ಫಾರ್ ಒನ್ ಪೋಸ್ಟ್ ಇನ್ ದಿಸ್ ಎಕ್ಸಾಮ್. ಕಾಂಪಿಟೇಷನ್ ಈಸ್ ಹೈ ಅಂತ ಬರೀಬ್ಯಾಡ, ಸ್ಟಿಫ್ ಅನ್ನು, ಟಫ್ ಅನ್ನು, ಕುತ್ತಿಗಿ ಕೊಯ್ಯೋ ಮಟ್ಟಕ್ಕ ಹೋದ್ರ ಕಟ್‌ಥ್ರೋಟ್.

ಕಾಮ್ ಅಂದ್ರ ಕೂಡಿ, ಪೆತೆರೆ ಅಂದ್ರ ಹುಡುಕು, ಬೇಡು. ಕೂಡಿ ಹುಡುಕೋದು. ಬೇಡೋದಕ್ಕ ಪೆಟಿಷನ್ ಅನ್ನೋದೂ ಅದ ಬೇರು. ನಾನೊಮ್ಮೆ ಸಪ್ತಾಪುರದಾಗ ಮುಂಜಾನೆ ವಾಕಿಂಗ್ ಹೋದಾಗ ನೋಡೇನಿ, ಚಾ ಅಂಗಡಿ ಕಟ್ಟಿ ಮ್ಯಾಲೆ ನಾಕು ಹುಡುಗರು ಒಂದ ಪೇಪರ್ ತಗೊಂಡು ಹಾಳಿ ಹಾಳಿ ಬಿಚ್ಚಿಕೊಂಡಿದ್ರು, ಸಂಪಾದಕೀಯ ಒಬ್ಬನ ಕೈಯಾಗ, ಕ್ರೀಡಾ ಪುಟ ಒಬ್ಬನ ಕೈಯಾಗ, ಮುಗಿದ ಮ್ಯಾಲೆ ಅದಲು ಬದಲು, ಎರಡು ಚಾ ತಗೊಂಡು ಬೈಟು ಮಾಡಿದ್ರು. ನಾಕೂ ಮಂದಿ ಒಂದ ಪೋಸ್ಟಿಗೆ ಅರ್ಜಿ ಹಾಕಿದವರು. ಕೂಡಿ ಹುಡುಕೋದು ಅನ್ನೋದನ್ನ ನಾ ಅದಕ್ಕಿಂತ ಖಾಸಾ ಎಲ್ಲೂ ಕಂಡಿಲ್ಲ. ಕಾಂಪಿಟೆಂಟ್ ಅನ್ನೋದೂ ಇದ ಬೇರಿಂದ ಬಂದೈತಿ ಅಂತ ನೆನಪಿಡು, ನಿನ್ನ ಹಾಲ್ ಟಿಕೆಟ್ ಮ್ಯಾಲೆ ಸಹಿ ಮಾಡೋ ಸಕ್ಷಮ ಪ್ರಾಧಿಕಾರ ಅಂದ್ರ ಕಾಂಪಿಟೆಂಟ್ ಅಥಾರಿಟಿ, ಅವರು ಯಾರ ಸಂಗಟನೂ ಕಂಪೀಟ್ ಮಾಡಬೇಕಾಗಿಲ್ಲ.

ಪ್ರಶ್ನೆ: ಕ್ರಿಕೆಟ್ ಮ್ಯಾಚ್, ಕುಸ್ತಿ ಮ್ಯಾಚ್, ಹುಡುಗ-ಹುಡುಗಿ ಮ್ಯಾಚ್, ಸೀರಿಗೆ ಜಂಪರ್ ಮ್ಯಾಚ್. ಹೊಡೆದಾಡೋದಕ್ಕೂ ಹೊಂದೋದಕ್ಕೂ ಒಂದ ಶಬ್ದ ಹೆಂಗ ಬಂತು? (ಗದಗ)

ಈ ಪ್ರಶ್ನೆ ಕಳಿಸಿದವರಿಗೆ ಒಂದು ನಮಸ್ಕಾರ. ಹಳೇ ಇಂಗ್ಲಿಷ್‌ನ್ಯಾಗ ಇದ್ರ ಮೂಲ ಅರ್ಥ ಜೊತಿಗಾರ, ಜೋಡಿಯೊಳಗಿನ ಒಬ್ಬ, ಸಮಾ ಇದ್ದವ. ಗಂಡ ಹೆಂಡತಿಗೂ ಅದ, ಸರಿಸಮಾ ಎದುರಾಳಿಗೂ ಅದ. ಸಮಾ ಇಲ್ಲದವರನ್ನ ಕಾದಾಡಿಸಿದ್ರ ಅದು ಆಟ ಆಗೋದಿಲ್ಲ ಅಂತ ಅರ್ಥ. ಜಾತ್ರಿ ಕುಸ್ತಿ ನೋಡಿದವರಿಗೆ ಇದು ಗೊತ್ತಿರ್ತೈತಿ. ನಮ್ಮೂರ ಕಡೆ ಕುಸ್ತಿಗಿಂತ ಮೊದಲು ಜೋಡಿ ಕಟ್ಟೋ ಕೆಲಸನ ದೊಡ್ಡದು, ಪಟಗಾ ಸುತ್ತಿದ ಹಿರ್ಯಾ ಒಬ್ಬ ನಡುವ ನಿಂತು ಇಬ್ಬರು ಹುಡುಗರ ಹೆಗಲು ಮುಟ್ಟಿ ನೋಡ್ತಾನ, ರಟ್ಟಿ ಹಿಚುಕಿ ನೋಡ್ತಾನ, ಒಬ್ಬನ್ನ ಹಿಂದ ಸರಸ್ತಾನ, ಇನ್ನೊಬ್ಬನ್ನ ಕರೀತಾನ, ಕನ್ಯಾ ನೋಡಾಕ ಬಂದವರೂ ಇಷ್ಟು ಸೂಕ್ಷ್ಮ ನೋಡೋದಿಲ್ಲ, ಕಡೀಕೆ ಇಬ್ಬರ ಕೈ ಹಿಡದು ಮ್ಯಾಲೆತ್ತಿ "ಜೋಡಿ ಆತು" ಅಂತಾನ, ಹಲಗಿ ಬಡೀತಾರ. ಅದು ಮ್ಯಾಚ್. ಹಿ ಈಸ್ ನೋ ಮ್ಯಾಚ್ ಫಾರ್ ಹಿಮ್ ಅಂದ್ರ ಅವನಿಗೆ ಇವ ಜೋಡಿ ಅಲ್ಲ, ಹಿ ಮೆಟ್ ಹಿಸ್ ಮ್ಯಾಚ್ ಅಂದ್ರ ಕಡೀಕೂ ಇವನಿಗೆ ತಕ್ಕವ ಸಿಕ್ಕ. ಕಡ್ಡಿಪೆಟ್ಟಿಗಿ ಮ್ಯಾಚ್ ಮಾತ್ರ ಬ್ಯಾರೆ ಸಂಸಾರ, ಅದು ಹಳೇ ಫ್ರೆಂಚ್‌ನ ಬತ್ತಿ ಅನ್ನೋ ಶಬ್ದ.

ಕುಸ್ತಿ ಬಂತಲ್ಲ, ಇನ್ನೊಂದು ಹೇಳಿ ಬಿಡ್ತೇನಿ. ಅರೀನಾ ಅಂದ್ರ ಮೂಲದಾಗ ಉಸುಕು, ರೋಮನ್ನರು ಕಾದಾಟದ ನೆಲಕ್ಕ ರಕ್ತ ಹೀರಲಿ ಅಂತ ಉಸುಕು ಹಾಕ್ತಿದ್ರು. ನಮ್ಮ ಗರಡಿಯವರು ಕೆಂಪು ಮಣ್ಣಿಗೆ ಎಣ್ಣಿ, ಮಜ್ಜಿಗಿ, ಲಿಂಬಿಹುಳಿ, ಅರಿಷಿಣ ಕೂಡಿಸಿ ಹದ ಮಾಡ್ತಾರ, ಬಿದ್ದವನ ಮೈ ಕೆತ್ತಬಾರ್ದು ಅಂತ. ಚಾಂಪಿಯನ್ ಬಂದಿದ್ದು ಕಾಂಪುಸ್ ಅಂದ್ರ ಬಯಲು ಅನ್ನೋ ಶಬ್ದದಿಂದ, ಬಯಲಿಗೆ ಇಳಿದು ಕಾದಾಡೋವ. ನಮ್ಮ ಯುನಿವರ್ಸಿಟಿ ಕ್ಯಾಂಪಸ್, ಎನ್‌ಸಿಸಿ ಕ್ಯಾಂಪ್, ಎಲೆಕ್ಷನ್ ಕ್ಯಾಂಪೇನ್ ಎಲ್ಲಾ ಅದ ಬಯಲಿನ ಮಕ್ಕಳು. ಕನ್ನಡದ ಕಣನೂ ಹಂಗ, ಹಂತಿ ಹೊಡದು ಜ್ವಾಳದ ರಾಶಿ ಮಾಡೋ ಜಾಗಾಕ್ಕ ಕಣ ಅಂತೀವಿ, ಅದ ಶಬ್ದ ಕಾಳಗಕ್ಕ ಹೋತು, ಚುನಾವಣಾ ಕಣ ಅಂತ ಪೇಪರಿಗೂ ಬಂತು. ಈಗ ರಾಶಿ ಮಷಿನ್ ಬಂದು ಹೊಲದಾಗಿನ ಕಣ ಹೋಗೇತಿ, ಪೇಪರ್‌ನ್ಯಾಗಿಂದು ಅಷ್ಟ ಉಳದೈತಿ.

ಪ್ರಶ್ನೆ: ನಮ್ಮ ಆಫೀಸಿನಾಗ ಮ್ಯಾನೇಜರ್ ಮೇಲ್ ಹಾಕಿದ್ರು, "ಐ ವಿಲ್ ಕನ್‌ಫ್ರಂಟ್ ವಿತ್ ಯು ಟುಮಾರೋ" ಅಂತ. ರಾತ್ರಿ ಪೂರ್ತಿ ನಿದ್ದಿ ಬರ್ಲಿಲ್ಲ. ಮರುದಿನ ನೋಡಿದ್ರ ರಜಾ ಅರ್ಜಿ ಬಗ್ಗೆ ಮಾತಾಡೋದಿತ್ತು ಅಷ್ಟ. ತಪ್ಪು ಅವರದಾ ನನ್ನದಾ? (ವಿದ್ಯಾನಗರ, ಹುಬ್ಬಳ್ಳಿ)

ಅವರದ, ಅಕ್ಕಾರ. ಎರಡು ತಪ್ಪು. ಒಂದು, ಕನ್‌ಫ್ರಂಟ್‌ಗೆ ವಿತ್ ಬ್ಯಾಡ, ಐ ಕನ್‌ಫ್ರಂಟೆಡ್ ಹಿಮ್ ಅಷ್ಟ. ಸಾಕ್ಷಿ ತೋರಿಸಿ ಕೇಳಿದಾಗ ವಿತ್ ಬರ್ತೈತಿ, ಐ ಕನ್‌ಫ್ರಂಟೆಡ್ ಹಿಮ್ ವಿತ್ ದ ಬಿಲ್ಸ್. ಎರಡನೇದು ದೊಡ್ಡ ತಪ್ಪು, ಭೆಟ್ಟಿ ಆಗೋದಕ್ಕ ಅದನ್ನ ಹಾಕಬಾರ್ದು. ಫ್ರೋನ್ಸ್ ಅಂದ್ರ ಲ್ಯಾಟಿನ್‌ನ್ಯಾಗ ಹಣಿ, ಹಣಿಗೆ ಹಣಿ ಕೊಟ್ಟು ನಿಲ್ಲೋದು ಅಂತ ಅರ್ಥ. ನಮ್ಮ ಕಡೆ "ಮಾರಿ ಮ್ಯಾಲೆ ಕೇಳಿದೆ" ಅಂತೀವಲ್ಲ, ಅದು ಕನ್‌ಫ್ರಂಟ್. ಹಿಂದ ಆಡಿಕೊಳ್ಳೋದು ಬಿಟ್ಟು ಎದುರಿಗೆ ಹೋಗಿ, ನೀ ಹಿಂಗ್ಯಾಕ ಮಾಡಿದಿ ಅನ್ನೋದು. ಅದ್ರಾಗ ಬಡಿದಾಟ ಇರಬೇಕು ಅಂತೇನಿಲ್ಲ, ಆದ್ರ ಚಾ ಕುಡಿಯೋ ಮಾತೂ ಅಲ್ಲ.

ರೈವಲ್ರಿಗೂ ಇದಕ್ಕೂ ಫರಕ್ ಬೇಕು ಅಂದ್ರ ನಮ್ಮ ಕಡೆದ ಇತಿಹಾಸನ ಸಾಕು. ಕಾಲುವಿ ನೀರಿಗೆ ಮ್ಯಾಲಿನ ಹೊಲದವ, ಕೆಳಗಿನ ಹೊಲದವ ವರ್ಷಾನುಗಟ್ಟಲೆ ಜಿದ್ದು ಹಿಡದ್ರ ರೈವಲ್ರಿ. ಅವರ ಎಲ್ಲಾರೂ ಒಂದಾಗಿ, ನೀರ ಬಂದಿಲ್ಲ ಅಭಿವೃದ್ಧಿ ಕರ ಯಾಕ ಕೊಡಬೇಕು ಅಂತ ಸರ್ಕಾರದ ಎದುರು ನಿಂತ್ರ, 1980ರ ಜುಲೈ 21ಕ್ಕ ನರಗುಂದ ನವಲಗುಂದದಾಗ ಗೋಲಿಬಾರ್ ಆತಲ್ಲ, ಅದು ಕನ್‌ಫ್ರಂಟೇಷನ್. ಸರ್ಕಾರ ರೈತರ ರೈವಲ್ ಅಲ್ಲ, ಒಂದ ಮಡಿ ನೀರಿಗೆ ಅದೇನು ಪಾಳಿ ಹಚ್ಚಿರ್ಲಿಲ್ಲ.

ಇನ್ನ ಶೋಡೌನ್ ಅಂದ್ರ ಇಸ್ಪೀಟಿನ ಶಬ್ದ, ಪೋಕರ್ ಆಟದಾಗ ಕಡೀಕೆ ಎಲ್ಲಾರೂ ಎಲಿ ಬಿಚ್ಚಿ ತೋರಿಸೋದು. ರಮ್ಮಿ ಆಡೋವ್ರು "ಶೋ" ಅಂತ ಎಲಿ ಇಳಸ್ತಾರಲ್ಲ, ಸುಮಾರು ಅದ ಹೊತ್ತು. ಮುಚ್ಚಿಟ್ಟಿದ್ದು ಹೊರಗ ಬಂದು ಇತ್ಯರ್ಥ ಆಗಬೇಕು, ಅವಾಗಷ್ಟ ಶೋಡೌನ್. ಇತ್ಯರ್ಥ ಆಗದ ಇಬ್ಬರೂ ಬಿಗಿದುಕೊಂಡು ನಿಂತ್ರ ಸ್ಟ್ಯಾಂಡ್‌ಆಫ್. ಎನ್‌ಕೌಂಟರ್ ಅಂತ ಮಾತ್ರ ನಿಮ್ಮ ಮ್ಯಾನೇಜರ್ ಬರೀದ್ದು ಪುಣ್ಯ. ಇಂಗ್ಲಿಷ್‌ನ್ಯಾಗ ಅದು ಅಕಸ್ಮಾತ್ ಭೆಟ್ಟಿ ಆಗೋದಕ್ಕೂ ನಡೀತೈತಿ, ನಮ್ಮ ದೇಶದಾಗ ಅದಕ್ಕ ಒಂದ ಅರ್ಥ ಉಳದೈತಿ.

ಪ್ರಶ್ನೆ: ವೈ (ವಿ ಐ ಇ) ಅಂತ ಒಂದು ಶಬ್ದ ಓದಿದೆ, "ಟ್ರೇಡರ್ಸ್ ಆರ್ ವೈಯಿಂಗ್ ಫಾರ್". ಏನಿದು? ಸವಾಲು ಅಂದ್ರ ಚಾಲೆಂಜ್ ಅಲ್ಲೇನು? ನಮ್ಮ ಲಿಲಾವಿನ ಸವಾಲಿಗೂ ಅದಕ್ಕೂ ಏನು ಸಂಬಂಧ? (ಬ್ಯಾಡಗಿ)

ಮೆಣಸಿನಕಾಯಿ ಊರವರು, ಕೇಳಿದ್ದೂ ಖಾರನ ಐತಿ. ವೈ ಫಾರ್ ಅಂದ್ರ ಒಂದು ವಸ್ತುವಿನ ಸಲುವಾಗಿ ಮೇಲಾಟ ಮಾಡೋದು, ನೀ ಹತ್ತು ಅಂದ್ರ ನಾ ಹನ್ನೊಂದು. ಅದು ಹಳೇ ಫ್ರೆಂಚ್‌ನ್ಯಾಗ ಜೂಜಿನ ಪಣ ಏರಿಸೋ ಶಬ್ದ, ಅದ್ರ ಹಿಂದ ಲ್ಯಾಟಿನ್‌ನ ಇನ್ವಿತಾರೆ, ಅಂದ್ರ ಇನ್ವಿಟೇಷನ್ ಕಾರ್ಡಿನ ಇನ್ವೈಟ್. ಬಾ ನೋಡೋಣು ಅಂತ ಕರಿಯೋದು. ಸ್ಪೆಲ್ಲಿಂಗ್ ಬದಲಾಗ್ತೈತಿ, ಐ ಇ ಹೋಗಿ ವೈ ಐ ಎನ್ ಜಿ ಆಗ್ತೈತಿ, ಡೈ ಡೈಯಿಂಗ್ ಆದಂಗ.

ಸವಾಲು ಅರಬ್ಬಿ, ಅಲ್ಲೆ ಅದ್ರ ಅರ್ಥ ಪ್ರಶ್ನೆ. ಹರದೇಶಿ-ನಾಗೇಶಿ ಹಾಡಕಿ ಕೇಳಿದವರಿಗೆ ಈ ಹಳೇ ಅರ್ಥ ಈಗೂ ಕಿವಿಗೆ ಬೀಳ್ತೈತಿ, ಹರದೇಶಿಯವರು ಗಂಡ ಹೆಚ್ಚು ಅಂತ ಹಾಡಿ ಒಂದು ಸವಾಲು ಒಗೀತಾರ, ನಾಗೇಶಿಯವರು ಹೆಣ್ಣ ಹೆಚ್ಚು ಅಂತ ಅದಕ್ಕ ಜವಾಬ್ ಕಟ್ಟಿ ತಿರುಗಿ ಒಂದು ಸವಾಲು ಹಾಕ್ತಾರ, ಬೆಳತನಕ ದಪ್ಪು ಬಾರಸ್ತಾ ಇದ ನಡೀತೈತಿ. ಲಿಲಾವಿನ್ಯಾಗ ಸವಾಲು ಕೂಗೋದೂ ಇದ ಕುಲ, ಅಲ್ಲೆ ಉತ್ತರ ರೊಕ್ಕದಾಗ ಕೊಡ್ತಾರ. ಇಂಗ್ಲಿಷಿನ್ಯಾಗ ಲಿಲಾವಿನ ಸವಾಲು ಬಿಡ್, ಅದಕ್ಕಿಂತ ಮ್ಯಾಲೆ ಕೂಗಿದ್ರ ಔಟ್‌ಬಿಡ್. ಚಾಲೆಂಜ್ ಅನ್ನೋದ್ರ ಹುಟ್ಟು ಮಾತ್ರ ಅಷ್ಟು ಛಲೋ ಇಲ್ಲ, ಲ್ಯಾಟಿನ್‌ನ ಕಲುಮ್ನಿಯಾ, ಸುಳ್ಳು ಆರೋಪ. ಯಾರೋ ಒಬ್ಬ ಸುಳ್ಳು ಹೊರಿಸಿದ, ಹೊರಿಸಿಕೊಂಡವ ತೊಡಿ ತಟ್ಟಿ ಬಾ ಅಂದ.

ಪ್ರಶ್ನೆ: ಡಿಬೇಟ್ ಅಬೌಟ್ ಸರಿನೋ ಡಿಬೇಟ್ ಆನ್ ಸರಿನೋ? (ಶಿಗ್ಗಾಂವಿ, ಕಾಲೇಜ್ ವಿದ್ಯಾರ್ಥಿನಿ)

ಹೆಸರು ಆದ್ರ ಎರಡೂ ಸರಿ. ಕ್ರಿಯಾಪದ ಆದ್ರ ಯಾವುದೂ ಬ್ಯಾಡ, ದೇ ಡಿಬೇಟೆಡ್ ದ ಬಿಲ್. ಡಿಬೇಟ್‌ನ್ಯಾಗೂ ಕಾಂಬ್ಯಾಟ್‌ನ್ಯಾಗೂ ಇರೋದು ಒಂದ ಬೇರು, ಬಡಿ ಅನ್ನೋದು. ಟಿವಿ ಚರ್ಚೆ ನೋಡಿದ್ರ ಅದನ್ನ ಹೇಳೋದ ಬ್ಯಾಡ.

ಪ್ರಶ್ನೆ: ನಮ್ಮ ಓಣಿ ಟೆನಿಸ್ ಬಾಲ್ ಟೂರ್ನಮೆಂಟಿಗೆ ದೊಡ್ಡ ಬ್ಯಾನರ್ ಮಾಡಿಸೇವಿ. ನಮ್ಮ ಟೀಂ, ಎದುರಿನ ಓಣಿ ಟೀಂ, ನಡುವ ವರ್ಸಸ್. ಪ್ರಿಂಟ್ ಆಗಿ ಬಂದ ಮ್ಯಾಲೆ ನೋಡಿದ್ರ ಆರ್ ಎಸ್ ಆದ ಮ್ಯಾಲೆ ಯು ಬದಲಿ ಇ ಬಿದ್ದೈತಿ. ಎದುರಿನ ಓಣಿಯವರು ಫೋಟೋ ತಗದು ಸ್ಟೇಟಸ್ ಹಾಕ್ಯಾರ. ಏನು ಮಾಡ್ಲಿ? (ಹಳೇ ಹುಬ್ಬಳ್ಳಿ)

ಯು ಇದ್ರ ವಿರುದ್ಧ, ಇ ಇದ್ರ ಪದ್ಯಗಳು. ನಿಮ್ಮ ಬ್ಯಾನರ್ ಪ್ರಕಾರ ನೀವು ಕ್ರಿಕೆಟ್ ಬಿಟ್ಟು ಕವಿಗೋಷ್ಠಿ ಇಟ್ಟೀರಿ. ಆದ್ರ ಅಂಜಬ್ಯಾಡ್ರಿ, ನಿಮ್ಮ ಪರವಾಗಿ ಹೇಳಾಕ ನನ್ನ ಕಡೆ ಒಂದು ಮಾತೈತಿ. ಎರಡರದ್ದೂ ಮೂಲ ತಿರುಗು ಅನ್ನೋ ಲ್ಯಾಟಿನ್ ಕ್ರಿಯಾಪದ. ಒಬ್ಬರ ಕಡೆ ಮಾರಿ ತಿರುಗಿಸಿ ನಿಲ್ಲೋದು ಒಂದು ವರ್ಸಸ್. ಇನ್ನೊಂದು, ಎತ್ತು ಹೂಡಿ ಹೊಲದ ಬದು ತನಕ ಹೋಗಿ ತಿರುಗೋದು, ಆ ತಿರುಗಿ ಬರೋ ಗೆರಿಗೆ ವೆರ್ಸುಸ್ ಅಂದ್ರು, ಆಮ್ಯಾಲೆ ಬರಹದ ಗೆರಿಗೂ ಅದನ್ನ ಅಂದ್ರು, ಅದ ಇವತ್ತಿನ ವರ್ಸ್. ನಾವೂ ನೇಗಿಲ ಗೆರಿಗೆ ಸಾಲು ಅಂತೀವಿ, ಹಾಡಿನ ಗೆರಿಗೂ ಸಾಲು ಅಂತೀವಿ. ಎದುರಿನ ಓಣಿಯವರಿಗೆ ಇಷ್ಟು ಹೇಳಿ ನೋಡ್ರಿ, ಕೇಳಿದ್ರ ಕೇಳಿದ್ರು. ಕೇಳ್ಲಿಲ್ಲ ಅಂದ್ರ ಸ್ಟೂಲ್ ಹತ್ತಿ, ಬಿಳಿ ರೇಡಿಯಂ ಸ್ಟಿಕ್ಕರ್‌ನ್ಯಾಗ ಒಂದು ಯು ಕತ್ತರಿಸಿ ಆ ಇ ಮ್ಯಾಲೆ ಹಚ್ಚಿ ಬಿಡ್ರಿ, ಮ್ಯಾಚ್ ಭಾನುವಾರ ಐತಲ್ಲ, ಇನ್ನ ಮೂರು ದಿನ ಐತಿ.